ಖಾಲಿ ಬಿಲ್ಲೆಯ ಸುತ್ತ ಉಂಗುರ

ಈಗಷ್ಟೇ ನಡೆದದ್ದು, ಹೇಳಿದ್ರೆ ನಂಬಲ್ಲ ನೀವು.

ನಮ್ಮ ಪದ್ಮಾಸನಿ ಮೇಡಂ ನಾಳೆ ರಿಟೈರ್ ಆಗ್ತಾರೆ. ಲ್ಯಾಬ್ ಹಿಂದೆ ಒಂದು ಹೇರಳೆಕಾಯಿ ಮರ ಇತ್ತಂತೆ. ಅವರ ಗುರುಗಳು ಪಾಠ ಮಾಡ್ತಿದ್ದದ್ದೇ ಅದರ ನೆರಳಲ್ಲಿ, ಮಧ್ಯಾಹ್ನ ಎಲ್ಲರ ಮೊಸರನ್ನಕ್ಕೂ ಅದರದ್ದೇ ಉಪ್ಪಿನಕಾಯಿ. ಅದರ ಎಲೆ ರಸ ತಾಗಿದ್ರೆ ಬ್ಯಾಕ್ಟೀರಿಯಾ ಸಾಯ್ತಿತ್ತಂತೆ. ಹೊಸ ಕಟ್ಟಡಕ್ಕೆ ಅಂತ ಮರ ಕಡಿದ್ರು.

ಕಡಿಯೋ ದಿನ ಮೇಡಂ ಒಂದು ಚಿಗುರು ಚಿವುಟಿ ತಂದು ಬಾಟಲಿಲಿ ಬೆಳೆಸಿದ್ರು. ಎಲೆ ಇಲ್ಲ, ಬೇರಿಲ್ಲ, ಬರೀ ಜೀವಕೋಶಗಳ ಬೆಳ್ಳಗಿನ ಮುದ್ದೆ. ಎಂಟು ವರ್ಷ, ತಿಂಗಳಿಗೊಂದ್ಸಲ ತುಂಡು ಮಾಡಿ ಹೊಸ ಬಾಟಲಿಗಳಿಗೆ ಬದಲಾಯಿಸ್ತಾ ಕಾಪಾಡಿದ್ರು.

ಮರದ ಆ ಗುಣ ಮುದ್ದೆಲೂ ಉಳಿದಿದ್ಯಾ? ಹೋಗೋ ಮುಂಚೆ ಅವರಿಗೆ ಅದೊಂದು ಗೊತ್ತಾಗ್ಬೇಕಿತ್ತು. ನನಗೆ ವಹಿಸಿದ್ರು.

ಒಂದು ಬಾಟಲಿ ಬಿಟ್ಟು ಉಳಿದದ್ದನ್ನೆಲ್ಲಾ ಅರೆದೆ, ಸ್ಪಿರಿಟ್‌ನಲ್ಲಿ ರಸ ಇಳಿಸಿದೆ, ಕಾಗದದ ಪುಟ್ಟ ಬಿಲ್ಲೆಗೆ ಹೀರಿಸಿ ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಲ್ಲಿಟ್ಟೆ. ಇವತ್ತು ತೆಗೆದ್ರೆ ಬಿಲ್ಲೆ ಸುತ್ತ ತಿಳಿಯಾದ ಉಂಗುರ. ಅಲ್ಲಿ ಏನೂ ಬೆಳೆದಿಲ್ಲ.

ಓಡಿದೆ. ಕುದುರೆ ಏರಿ ಬಂದ್ಯೇನೇ ಧನ್ಯ ಅಂತ ನಕ್ಕೋರು ಪ್ಲೇಟನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು. ಕಣ್ಣು ಒದ್ದೆ. ಆ ಮರದ ಕೆಳಗೆ ಚಪ್ಪಲಿ ಬಿಟ್ಟು ಕೂರ್ತಿದ್ದದ್ದು, ನೋಟ್ಸ್ ಮೇಲೆಲ್ಲಾ ಹೂ ಉದುರ್ತಿದ್ದದ್ದು, ಒಂದೊಂದೇ ಹೇಳಿದ್ರು. ಆಮೇಲೆ ಮೆಲ್ಲಗೆ,

"ಖಾಲಿ ಬಿಲ್ಲೆ ಎಲ್ಲಿ?"

ಬರೀ ಸ್ಪಿರಿಟ್ ಹಾಕಿ, ಹೋಲಿಸಿ ನೋಡೋಕೆ ಇಡೋ ಬಿಲ್ಲೆ. ಅದರ ಪ್ಲೇಟನ್ನ ನಾನು ಕೋಟಿನ ಜೇಬಲ್ಲಿ ಬಚ್ಚಿಟ್ಟಿದ್ದೆ. ಆ ಬಿಲ್ಲೆ ಸುತ್ತಲೂ ಅಷ್ಟೇ ದೊಡ್ಡ ಉಂಗುರ. ಅವಸರದಲ್ಲಿ ನಾನು ಬಿಲ್ಲೆಗಳನ್ನ ಒಣಗಿಸಿರ್ಲಿಲ್ಲ. ಕೊಂದಿದ್ದು ಹೇರಳೆಯೋ ಸ್ಪಿರಿಟ್ಟೋ, ಹೇಳೋಕೇ ಆಗಲ್ಲ. ಮತ್ತೆ ಮಾಡೋಣ ಅಂದ್ರೆ ಮುದ್ದೆ ಬೆಳೆಯೋಕೆ ತಿಂಗಳುಗಟ್ಟಲೆ ಬೇಕು.

ತೊಳೆದ್ಬಿಟ್ಟೆ ಮೇಡಂ ಅನ್ನೋದು ಬಾಯಿಗೇ ಬಂದಿತ್ತು. ನುಂಗ್ಕೊಂಡು, ಜೇಬಿಂದ ತೆಗೆದು ಕೊಟ್ಟೆ.

ಎರಡೂ ಪ್ಲೇಟನ್ನ ಅಕ್ಕಪಕ್ಕ ಹಿಡಿದು ನೋಡಿದ್ರು. ಬೈತಾರೆ ಅಂದ್ಕೊಂಡೆ. ಎದ್ದು ಹೋಗಿ, ಉಳಿದಿದ್ದ ಒಂದೇ ಬಾಟಲಿ ತಂದು ನನ್ನ ಕೈಗಿಟ್ರು.

"ನಮ್ಮ ಗುರುಗಳು ರಿಟೈರ್ ಆದ ದಿನ, ನಾನು ತೋರಿಸಿದ ಎಲೆ ರಸದ ಉಂಗುರ ನೋಡಿ, ನನ್ನನ್ನೂ ಇದನ್ನೇ ಕೇಳಿದ್ರು ಕಣೇ. ಖಾಲಿ ಬಿಲ್ಲೆಗೂ ಉಂಗುರ ಇತ್ತು, ತೊಳೆದ್ಬಿಟ್ಟೆ ಸಾರ್ ಅಂದೆ. ನಂಬಿದ್ರು."

"ಆಮೇಲೂ ನಿಜ ಹೇಳ್ಲಿಲ್ವಾ ಮೇಡಂ?"

"ಸ್ಟೇಷನ್‌ವರೆಗೂ ಹೋಗಿದ್ದೆ. ರೈಲು ಹೊರಡೋಕೆ ಇನ್ನೂ ಹತ್ತು ನಿಮಿಷ ಇತ್ತು. ಕಿಟಕಿ ಪಕ್ಕ ಕೂತು, ಆ ಉಂಗುರದ ವಿಷಯ ಎದುರಿದ್ದೋರಿಗೆಲ್ಲಾ ಹೇಳ್ತಾ ನಗ್ತಿದ್ರು. ನೀನಾಗಿದ್ರೆ ಏನ್ ಮಾಡ್ತಿದ್ದೆ?"