ಸಾಹೇಬರ ಜೇಬಿನಲ್ಲಿದ್ದ ಸಾಕ್ಷಿ

ಅನುದಾನ ಕೊಡುವವರ ಗತ್ತು ಅಂದರೆ ಸಾಮಾನ್ಯವೇನ್ರೀ! ಮಂಗಳಮುಖಿಯರ ಸಂಘ ಕಟ್ಟಿದ್ದ ಕನಕಕ್ಕ, ಮನೆಯವರು ಹೊರದಬ್ಬಿದ ತನ್ನಂಥ ಹುಡುಗಿಯರಿಗೆ ಒಂದು ಸೂರು ಬೇಕೆಂದು ದತ್ತಿ ಕಚೇರಿಗೆ ಏಳನೆಯ ಸಲ ಬಂದಿದ್ದಳು. ಅರ್ಜಿಗೆ ಅದೇ ಕೊನೆಯ ದಿನ.

ಅಧಿಕಾರಿ ಚಂದ್ರಮೌಳಿ ಸಾಹೇಬರು ಕಡತ ಮುಚ್ಚಿ ಕುರ್ಚಿಗೆ ಒರಗಿದರು. “ಕಾಗದಪತ್ರ ಎಲ್ಲಾ ಸರಿ ಇದೆಯಮ್ಮ. ಆದರೆ ಮರ್ಯಾದಸ್ಥರು ಯಾರಾದರೂ ನಿಮ್ಮನ್ನು ನಂಬುತ್ತಾರಾ? ಅದಕ್ಕೊಂದು ಸಾಕ್ಷಿ ತನ್ನಿ.”

“ಸಾಕ್ಷಿ ನಿಮ್ಮ ಜೇಬಲ್ಲೇ ಇದೆಯಲ್ಲ ಸಾರ್,” ಎಂದಳು ಕನಕಕ್ಕ. “ಹೋದ ವರ್ಷ ಸಿಗ್ನಲ್ ಹತ್ರ ಸ್ಕೂಟರ್ ನಿಲ್ಲಿಸಿ, ಬಡ್ತಿ ಸಿಗಲಿ ಅಂತ ನನ್ನ ಕೈಲಿ ಒಂದು ರೂಪಾಯಿ ನಾಣ್ಯ ಹರಸಿಸ್ಕೊಂಡ್ರಿ. ಪರ್ಸಿಂದ ತೆಗೀಬೇಡಿ ಅಂದಿದ್ದೆ.”

ಪಕ್ಕದ ಟೈಪಿಸ್ಟಮ್ಮನ ಬೆರಳುಗಳು ಗಕ್ಕನೆ ನಿಂತವು. ಸಾಹೇಬರ ಮುಖ ಸುಟ್ಟ ಬದನೆಕಾಯಿಯಾಯಿತು.

“ಬಡ್ತಿ... ಸಿಕ್ಕಿತಮ್ಮ,” ಎಂದು ಗೊಣಗಿದರು.

“ಸಂತೋಷ ಸಾರ್. ನಂಬಿಕೆ ಇಲ್ಲ ಅಂದಮೇಲೆ ಅದನ್ನ ಯಾಕೆ ಹೊತ್ಕೊಂಡು ತಿರುಗ್ತೀರಾ? ವಾಪಸ್ ಕೊಟ್ಬಿಡಿ, ಹೊರಡ್ತೀನಿ.” ಕನಕಕ್ಕ ಅಂಗೈ ಚಾಚಿದಳು.

ಸಾಹೇಬರ ಎಡಗೈ ಥಟ್ಟನೆ ಜೇಬನ್ನು ಅವುಚಿಕೊಂಡಿತು. ಬಲಗೈ ಪೆನ್ನು ಹುಡುಕಿತು.

ರುಜು ಬಿದ್ದು, ಕನಕಕ್ಕ ಮೆಟ್ಟಿಲಿಳಿದು ಹೋದ ಮೇಲೂ ಎಡಗೈ ಮಾತ್ರ ಜೇಬು ಬಿಟ್ಟಿರಲಿಲ್ಲವಂತೆ!