ಲೋಳೆಸರದ ಅಂಚಿಗೆ ಮುಳ್ಳು ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗಳಿಗೆ ತಾವು ಎತ್ತ ಹರಿಯಬೇಕೆಂಬುದೇ ಗೊತ್ತಿರಲಿಲ್ಲ. ಲೋಳೆಸರದ ಎಲೆ ಆಗ ಹುಲ್ಲಿನಷ್ಟು ತೆಳ್ಳಗಿತ್ತು, ಅದರ ಅಂಚು ನುಣ್ಣಗಿತ್ತು.

ಕಲ್ಲುಗುಡ್ಡದ ಬುಡದಲ್ಲಿ ಬೊಮ್ಮವ್ವ ಎಂಬ ತಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಏಳು ವರ್ಷದ ಹುಲಿಗಿ. ಒಂದು ದಿನ ಹುಲಿಗಿ ತೇಲಿಬಂದ ದಿಮ್ಮಿಯ ಮೇಲೆ ಹತ್ತಿ ಕೂತಳು. ದಾರಿ ಗೊತ್ತಿಲ್ಲದ ಹೊಳೆ ಅವಳನ್ನು ಹೊತ್ತುಕೊಂಡು ಹೋಗೇಬಿಟ್ಟಿತು.

"ದಿಮ್ಮಿಯಿಂದ ಇಳಿಯೇ ಹುಲಿಗೀ!" ಎಂದು ಕೂಗುತ್ತಾ ಬೊಮ್ಮವ್ವ ದಡದುದ್ದಕ್ಕೂ ಓಡಿದಳು. ಕಾಲು ಸೋತು ಕುಸಿದಳು.

ಎಷ್ಟೋ ದಿನದ ಮೇಲೆ ಗಾಳಿ ಸುದ್ದಿ ತಂದಿತು. "ನಿನ್ನ ಮಗಳು ಬದುಕಿದ್ದಾಳೆ ಬೊಮ್ಮವ್ವಾ. ಬಹಳ ದೂರದ ದಡದಲ್ಲಿ ಮೀನು ಹಿಡಿಯುವವರು ಅವಳನ್ನು ಸಾಕುತ್ತಿದ್ದಾರೆ. ಊರಿನ ಹೆಸರು ಅವಳಿಗೆ ನೆನಪಿಲ್ಲ, ದಾರಿ ನೆನಪಿಲ್ಲ. ನಿನ್ನ ಹೆಸರು, ನಿನ್ನ ಮುಖ, ಇಷ್ಟೇ ನೆನಪು."

ಅಂದಿನಿಂದ ಬೊಮ್ಮವ್ವ ದಿನಾ ನೀರಿನಲ್ಲಿ ಮುಖ ನೋಡಿಕೊಂಡಳು. ದಿನಾ ಹೊಳೆಯ ದಾರಿ ಕಾದಳು. ಒಂದು ಬೆಳಿಗ್ಗೆ ಕಣ್ಣಿನ ಪಕ್ಕ ಸಣ್ಣದೊಂದು ಗೆರೆ ಕಂಡಿತು.

"ಮುಖ ಬದಲಾದರೆ ನನ್ನ ಕೂಸು ನನ್ನನ್ನು ಹೇಗೆ ಗುರುತು ಹಿಡಿದೀತು?" ಎಂದು ಅತ್ತಳು.

ಪಕ್ಕದಲ್ಲೇ ಇದ್ದ ಲೋಳೆಸರ ಕೇಳಿಸಿಕೊಂಡಿತು. "ಅಳಬೇಡವ್ವಾ. ನನ್ನ ರಸ ಹಚ್ಚಿಕೋ. ನಿನ್ನ ವರ್ಷಗಳನ್ನು ನಾನು ಇಟ್ಟುಕೊಳ್ಳುತ್ತೇನೆ."

ಬೊಮ್ಮವ್ವ ಹಚ್ಚಿಕೊಂಡಳು. ಗೆರೆ ಮಾಯವಾಯಿತು. ಒಂದು ವರ್ಷ ಹೋಯಿತು, ಹತ್ತು ವರ್ಷ ಹೋಯಿತು, ನಲವತ್ತು ವರ್ಷ ಹೋಯಿತು. ಅವಳ ಮುಖ ಹಾಗೇ ಉಳಿಯಿತು. ಲೋಳೆಸರದ ಎಲೆ ಮಾತ್ರ ದಪ್ಪವಾಗುತ್ತಾ ಹೋಯಿತು. ಅಂಚಿನಲ್ಲಿ ವರ್ಷಕ್ಕೊಂದರಂತೆ ಮುಳ್ಳು ಎದ್ದವು.

ಆಮೇಲೊಂದು ಮಧ್ಯಾಹ್ನ, ಅರ್ಧ ತಲೆ ನರೆತ ಹೆಂಗಸೊಬ್ಬಳು ಹೊಳೆಯಗುಂಟ ನಡೆದು ಬಂದಳು.

"ತಂಗೀ, ಬೊಮ್ಮವ್ವ ಅಂತ ಇಲ್ಲಿ ಯಾರಾದರೂ ಇದ್ದಾರಾ?"

ಬೊಮ್ಮವ್ವ ಎದ್ದು ಅವಳ ಬಳಿಗೆ ಓಡಿದಳು. "ನಾನೇ ಕಣವ್ವಾ. ನಾನೇ ನಿನ್ನವ್ವ."

ಆ ಹೆಂಗಸು ಅವಳ ಮುಖವನ್ನೇ ನೋಡುತ್ತಾ ನಿಂತಳು. ಕಣ್ಣು ತುಂಬಿ ಬಂತು. "ಹಾಸ್ಯ ಮಾಡಬೇಡ ತಂಗೀ. ಮುಖವೇನೋ ಅವ್ವನದೇ. ಆದರೆ ನೀನು ನನಗಿಂತ ಚಿಕ್ಕವಳು. ಅಂದರೆ ಅವ್ವನಿಗೆ ಇನ್ನೊಬ್ಬಳು ಮಗಳು ಹುಟ್ಟಿದಳು, ಅಲ್ಲವಾ? ಪಾಪ, ನನ್ನನ್ನು ಮರೆತಿರಬೇಕು."

ಹಾಗೆಂದು ಬಂದ ದಾರಿಯಲ್ಲೇ ತಿರುಗಿ ಹೊರಟಳು.

ಬೊಮ್ಮವ್ವ ಲೋಳೆಸರದ ಮುಂದೆ ಮಂಡಿಯೂರಿದಳು. "ಕೊಟ್ಟುಬಿಡು! ನನ್ನ ವರ್ಷಗಳನ್ನೆಲ್ಲ ನನಗೆ ಕೊಟ್ಟುಬಿಡು!"

"ಎಲ್ಲ ಒಟ್ಟಿಗೆ ಬರುತ್ತವೆ ಅವ್ವಾ. ತಡೆಯುತ್ತೀಯಾ?"

"ಅವಳು ದೂರ ಹೋಗುತ್ತಿದ್ದಾಳೆ. ಬೇಗ ಕೊಡು!"

ಎಲೆ ಸೀಳಿ, ಒಳಗಿನ ತಿರುಳನ್ನು ಎರಡೂ ಕೈಯಲ್ಲಿ ಮುಖಕ್ಕೆ ಬಳಿದುಕೊಂಡಳು. ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು, ಕೆನ್ನೆ ಸುಕ್ಕಾಯಿತು. ಲೋಳೆಸರ ಹೇಳಿತು: "ವರ್ಷಗಳನ್ನು ಕೊಟ್ಟೆ. ಕಾದ ನೋವು ಮಾತ್ರ ಮುಳ್ಳಾಗಿ ಕೂತಿದೆ, ಅದು ನನ್ನಲ್ಲೇ ಇರಲಿ. ಆದರೆ ಇನ್ನು ಮೇಲೆ ಯಾರ ವರ್ಷವನ್ನೂ ನಾನು ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ."

ಮುದುಕಿ ಏಳುತ್ತಾ ಬೀಳುತ್ತಾ ಓಡಿದಳು. "ಹುಲಿಗೀ! ದಿಮ್ಮಿಯಿಂದ ಇಳಿಯೇ ಹುಲಿಗೀ!"

ಅವತ್ತು ಕೂಗಿದ ಮಾತು ಅದೇ. ಹೋಗುತ್ತಿದ್ದವಳು ಗಕ್ಕನೆ ನಿಂತಳು, ತಿರುಗಿದಳು. ಸುಕ್ಕುಗಟ್ಟಿದ ಮುಖ ನೋಡಿದಳು.

"ಅವ್ವಾ," ಎಂದಳು. "ಎಷ್ಟು ವಯಸ್ಸಾಗಿಹೋಯಿತೇ ನಿನಗೆ!"

ಬೊಮ್ಮವ್ವ ಮಗಳ ನರೆಗೂದಲನ್ನು ಸವರಿದಳು. ಸವರುತ್ತಲೇ ಇದ್ದಳು. ಏಳು ವರ್ಷದ ಹುಲಿಗಿಯನ್ನು ಮಾತ್ರ ಅವಳ ಕಣ್ಣು ಇನ್ನೂ ಹುಡುಕುತ್ತಿತ್ತು.

ಅದಕ್ಕೇ ಇವತ್ತಿಗೂ ಲೋಳೆಸರದ ಅಂಚಿನಲ್ಲಿ ಸಾಲು ಮುಳ್ಳು, ಒಳಗೆ ಕಣ್ಣೀರಿನಷ್ಟು ತಿಳಿಯಾದ ತಿರುಳು. ಅಜ್ಜಿಯರು ಅದನ್ನು ಮುಖಕ್ಕೆ ಹಚ್ಚಿಕೊಂಡಾಗ ಗೆರೆಗಳೆಲ್ಲ ಒಂದು ಗಳಿಗೆ ನುಣ್ಣಗಾಗುತ್ತವೆ, ಆರಿದೊಡನೆ ಒಂದೊಂದೇ ತಮ್ಮ ಜಾಗಕ್ಕೆ ಮರಳಿ ಬರುತ್ತವೆ.