ಕಸೂತಿ ಹೊದ್ದ ಕಂಪ್ಯೂಟರ್

ಅದೇನೋ ಹೆಸರು, ನೀರಿನ ಕೂ… ಹಾಂ, ಲಿಕ್ವಿಡ್ ಕೂಲರ್. ಪ್ರೊಸೆಸರಿನ ಬಿಸಿಯನ್ನು ನೀರು ಹರಿಸಿ ಇಳಿಸುವ ಸಾಧನ.

ನಾನು ಕೆಲಸ ಬಿಟ್ಟುಬಂದ ಗದಗಿನ ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಕಂಪ್ಯೂಟರ್ ಕಾದು ನಿಂತುಹೋಗುತ್ತಿತ್ತು.

"ಎಲ್ಲಕ್ಕಿಂತ ದೊಡ್ಡ ಕೂಲರ್ ತರಿಸು. ಇನ್ನೊಮ್ಮೆ ನಿಂತರ ನೀ ಮನೀಗೆ ನಡಿ" ಎಂದರು ಸ್ಟುಡಿಯೋದ ಮಾಲೀಕರಾದ ಸಾವ್ಕಾರರು.

ಅದು ಬಿಸಿಯಾಗಲು ಕಾರಣ, ಗಾಳಿಯಾಡದಂತೆ ಹೊದಿಸಿದ್ದ ಕಸೂತಿ ಬಟ್ಟೆ. ಸಾವ್ಕಾರರ ತಾಯಿ ಹಾಕಿದ ಕಸೂತಿ. ತೆಗೆಯಿರಿ ಎನ್ನುವ ಧೈರ್ಯ ಯಾರಿಗಿದೆ?

ಅವಳು ಸಾಧಾರಣ ಗಾತ್ರದ ಕೂಲರನ್ನೇ ಆರಿಸಿದಳು. ಆದರೆ ಬಣ್ಣದ ದೀಪವಿದ್ದದ್ದು.

"ಸಾವ್ಕಾರ್ರ, ಇಷ್ಟು ಚಂದದ ದೀಪ ಬಟ್ಟಿ ಒಳಗ ಯಾರಿಗೆ ಕಾಣ್ತಾವ್ರಿ?"

ಸಾವ್ಕಾರರೇ ಬಟ್ಟೆ ತೆಗೆದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕಂಪ್ಯೂಟರ್ ಮತ್ತೆ ನಿಲ್ಲಲಿಲ್ಲ.

"ಕೂಲರ್ ಅಂದ್ರ ಇದು" ಎಂದು ಬಂದವರಿಗೆಲ್ಲ ತೋರಿಸಿದರು.

ಇದನ್ನು ಬರೆದುಕೊಳ್ಳಲು ಮೊಮ್ಮಗಳಿಗೆ ಹೇಳಿದೆ. "ಹಂಗ, ನಿನ್ನ ಕಂಪ್ಯೂಟರ್ ಮ್ಯಾಲಿನ ನನ್ನ ಕಸೂತಿನೂ ತಗದಿಡವ್ವಾ."